ಅರಿಶಿಣ, ನೆರಳು ಮತ್ತು ತರಗತಿಯ ಪರದೆ

ಬೆಳಗಾವಿ ಜಿಲ್ಲೆಯ ಉತ್ತರದ ಅಂಚಿನಲ್ಲಿ, ಅಥಣಿ ಮತ್ತು ಮಿರಜಗಳ ನಡುವೆ ಇರುವ ಮಂಗಸೂಳಿಯು ಖಂಡೋಬನ ಕ್ಷೇತ್ರವೆಂದು ಗಡಿಯ ಎರಡೂ ಬದಿಯ ಜನರಿಗೆ ಪರಿಚಿತ. ಕನ್ನಡಿಗರು ಮಲ್ಲಯ್ಯ, ಮೈಲಾರಲಿಂಗ ಎಂದೂ ಮರಾಠಿಗರು ಖಂಡೋಬಾ ಎಂದೂ ಕರೆಯುವ ಈ ದೇವರಿಗೆ ಭಕ್ತರು ಎರಚುವುದು ಭಂಡಾರ, ಅಂದರೆ ಅರಿಶಿಣದ ಪುಡಿ. ಜಾತ್ರೆಗೆ ಹೋಗಿ ಬಂದ ಹುಡುಗನ ಬಿಳಿ ಅಂಗಿಯ ತುಂಬ ಹಳದಿ ಕಲೆಗಳಿರುತ್ತವೆ. ಮನೆಯಲ್ಲಿ ಅದಕ್ಕೆ ಸಾಬೂನು ಹಚ್ಚಿದೊಡನೆ ಕಲೆ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಧಾರಾಳವಾಗಿ ನೀರು ಹಾಕಿ ಜಾಲಿಸಿದರೆ ಮತ್ತೆ ಹಳದಿ. ಅರಿಶಿಣದಲ್ಲಿರುವ ಕರ್ಕ್ಯುಮಿನ್ ಎಂಬ ವಸ್ತು ಪ್ರತ್ಯಾಮ್ಲೀಯ ಮಾಧ್ಯಮದಲ್ಲಿ ಬಣ್ಣ ಬದಲಿಸುವುದೇ ಇದಕ್ಕೆ ಕಾರಣ. ಅರಿಶಿಣಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವ ಹಳೆಯ ವಿಧಾನದ ಹಿಂದೆಯೂ ಇದೇ ರಸಾಯನಶಾಸ್ತ್ರವಿದೆ.

ಈಗ ಇಂಥ ಊರಿನ ಒಂದು ಪ್ರೌಢಶಾಲೆಯಲ್ಲಿ 'ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು' ಎಂಬ ಪಾಠ ಸ್ಮಾರ್ಟ್ ತರಗತಿಯಲ್ಲಿ ನಡೆಯುತ್ತಿದೆ ಎಂದುಕೊಳ್ಳೋಣ. ಶಿಕ್ಷಕರು ಪಠ್ಯಪುಸ್ತಕದ ಕ್ಯೂಆರ್ ಸಂಕೇತವನ್ನು ಮೊಬೈಲಿನಲ್ಲಿ ಓದಿಸುತ್ತಾರೆ. ಪರದೆಯ ಮೇಲೆ ಕೈಗವಸು ತೊಟ್ಟ ಒಂದು ಕೈ ಕಾಣಿಸಿಕೊಂಡು ನೀಲಿ ಲಿಟ್ಮಸ್ ಕಾಗದವನ್ನು ಬೀಕರಿನಲ್ಲಿ ಅದ್ದುತ್ತದೆ. ಕಾಗದ ಕೆಂಪಾಗುತ್ತದೆ. ಹಿನ್ನೆಲೆಯಲ್ಲಿ ಸಂಗೀತವಿದೆ, ಇಂಪಾದ ದನಿಯಲ್ಲಿ ವಿವರಣೆಯಿದೆ. ನಾಲ್ಕೈದು ನಿಮಿಷಗಳಲ್ಲಿ ಪಾಠ ಮುಗಿಯುತ್ತದೆ.

ಈ ವಿಡಿಯೋದಲ್ಲಿ ತಪ್ಪೇನಿದೆ? ವಿಷಯದ ದೃಷ್ಟಿಯಿಂದ ಬಹುಶಃ ಏನೂ ಇಲ್ಲ. ಆದರೆ ಅದನ್ನು ನೋಡಿದ ವಿದ್ಯಾರ್ಥಿ ಮಾಡಿದ್ದೇನು ಎಂದು ಕೇಳಿದರೆ, ಉತ್ತರವೂ ಏನೂ ಇಲ್ಲ ಎಂದೇ. ಅವನ ಅಂಗಿಯ ಮೇಲೆಯೇ ನಡೆದ ಪ್ರಯೋಗ ಪಾಠದೊಳಗೆ ಬರಲಿಲ್ಲ. 10ನೇ ತರಗತಿಯ ವಿಜ್ಞಾನ ಪಠ್ಯದಲ್ಲಿಯೇ ಬಿಳಿ ಬಟ್ಟೆಗೆ ಅಂಟಿದ ಸಾರಿನ ಕಲೆ ಸಾಬೂನಿನಿಂದ ಕೆಂಪಾಗುವ ಪ್ರಸ್ತಾಪವಿದೆ. ಅಲ್ಲಿಂದ ಭಂಡಾರಕ್ಕೆ ಒಂದೇ ಹೆಜ್ಜೆ. ಪರದೆ ಆ ಹೆಜ್ಜೆಯನ್ನು ತಾನಾಗಿ ಇಡಲಾರದು, ಏಕೆಂದರೆ ಅದನ್ನು ತಯಾರಿಸಿದವರಿಗೆ ಮಂಗಸೂಳಿ ಗೊತ್ತಿಲ್ಲ.

ಇನ್ನೂ ಒಂದು ಮಾತಿದೆ. ಅರಿಶಿಣದ ಕಾಗದದೊಂದಿಗೆ ನಿಜವಾಗಿ ಕೆಲಸ ಮಾಡಿದ ಮಕ್ಕಳು ಬೇಗನೆ ಒಂದು ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ. ನಿಂಬೆರಸ ಹಾಕಿದರೂ ಹಳದಿ, ಬಾವಿಯ ನೀರು ಹಾಕಿದರೂ ಹಳದಿ. ಅಡಿಗೆ ಸೋಡಾದ ದ್ರಾವಣಕ್ಕೆ ಬಣ್ಣ ಅರೆಮನಸ್ಸಿನಿಂದ ಬದಲಾಗುತ್ತದೆ. ಬಟ್ಟೆ ಒಗೆಯುವ ಸೋಡಾಕ್ಕೂ ಸುಣ್ಣದ ತಿಳಿನೀರಿಗೂ ಢಾಳಾಗಿ ಕೆಂಪಾಗುತ್ತದೆ. ಅಂದರೆ ಅರಿಶಿಣವು ಪ್ರತ್ಯಾಮ್ಲವನ್ನು ಗುರುತಿಸಬಲ್ಲದು, ಆದರೆ ಆಮ್ಲಕ್ಕೂ ತಟಸ್ಥ ದ್ರವಕ್ಕೂ ಭೇದ ಹೇಳಲಾರದು. ಕೆಂಪಾದ ಕಾಗದಕ್ಕೆ ನಿಂಬೆರಸ ಬಿಟ್ಟು ಹಳದಿಗೆ ಮರಳಿಸಿ ಆಮ್ಲವನ್ನು ಪತ್ತೆ ಮಾಡಬಹುದೆಂಬ ಉಪಾಯ ಯಾರೋ ಒಬ್ಬಳಿಗೆ ಹೊಳೆಯುತ್ತದೆ. ಒಂದು ಸೂಚಕದ ಮಿತಿ ತಿಳಿಯುವುದು, ಆ ಮಿತಿಯನ್ನು ದಾಟುವ ದಾರಿ ಹುಡುಕುವುದು ಇವೇ ವಿಜ್ಞಾನದ ಪಾಠ. ವಿಡಿಯೋದಲ್ಲಿ ಲಿಟ್ಮಸ್ ಒಮ್ಮೆಯೂ ಸೋಲುವುದಿಲ್ಲ.

ನಾವು ಪುಸ್ತಕಗಳನ್ನು ವಿಮರ್ಶಿಸುತ್ತೇವೆ, ನಾಟಕಗಳನ್ನು ವಿಮರ್ಶಿಸುತ್ತೇವೆ. ತರಗತಿಗೆ ಬರುವ ಡಿಜಿಟಲ್ ಪಾಠಗಳನ್ನು ಮಾತ್ರ ಎಣಿಸುತ್ತೇವೆ. ಎಷ್ಟು ಶಾಲೆಗಳಿಗೆ ಪ್ರೊಜೆಕ್ಟರ್ ಬಂತು, ಎಷ್ಟು ಗಣಕಯಂತ್ರಗಳು ನಡೆಯುತ್ತಿವೆ, ಎಷ್ಟು ಸಲ ಸಂಕೇತ ಓದಿಸಲಾಯಿತು ಎಂಬ ಲೆಕ್ಕ ಇಲಾಖೆಗೆ ಹೋಗುತ್ತದೆ. ಪರದೆಯ ಮೇಲೆ ಬಂದದ್ದು ಒಳ್ಳೆಯ ಪಾಠವೇ, ಅದು ಮಗುವಿನ ಕೈಗೆ ಕೆಲಸ ಕೊಟ್ಟಿತೇ ಎಂದು ಕೇಳುವ ಕಾಲಂ ಯಾವ ನಮೂನೆಯಲ್ಲಿಯೂ ಕಂಡಂತಿಲ್ಲ. ಈ ಲೇಖನ ಆ ಪ್ರಶ್ನೆಯನ್ನು ಕೇಳುವ ಪ್ರಯತ್ನ. ಮಂಗಸೂಳಿಯನ್ನು ಆರಿಸಿಕೊಂಡದ್ದಕ್ಕೆ ಕಾರಣ, ರಾಜಧಾನಿಯಿಂದ ಬಹುದೂರದ, ಎರಡು ಭಾಷೆಗಳ ನಡುವಿನ ಇಂಥ ಊರಿನಲ್ಲಿ ಉಪಕರಣದ ಗುಣ ದೋಷಗಳೆರಡೂ ಸ್ಪಷ್ಟವಾಗಿ ಕಾಣುತ್ತವೆ ಎಂಬುದೇ.

ಐವತ್ತು ವರ್ಷಗಳ ಕಥೆ

ಯಂತ್ರದ ಮೂಲಕ ಪಾಠ ಎಂಬುದು ಈ ಭಾಗಕ್ಕೆ ಹೊಸದೇನಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಎಂಬ ಉಪಗ್ರಹ ಟೆಲಿವಿಷನ್ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ಕರ್ನಾಟಕದಿಂದ ಆಯ್ಕೆಯಾದದ್ದು ವಿಜಾಪುರ, ಗುಲಬರ್ಗಾ ಮತ್ತು ರಾಯಚೂರು ಜಿಲ್ಲೆಗಳು. ಅಂದರೆ ಅಥಣಿಯ ಪಕ್ಕದ ಜಿಲ್ಲೆಯ ಹಳ್ಳಿಗಳಲ್ಲಿ, ಬೆಂಗಳೂರಿಗೇ ದೂರದರ್ಶನ ಬಾರದಿದ್ದ ದಿನಗಳಲ್ಲಿ, ಅಮೆರಿಕದ ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕನ್ನಡ ಪಾಠ ಇಳಿಯುತ್ತಿತ್ತು. ಬೆಳಗಿನ ಒಂದೂವರೆ ಗಂಟೆಯ ಶಾಲಾ ಪ್ರಸಾರವನ್ನು ನಾಲ್ಕು ಭಾಷೆಗಳು ಹಂಚಿಕೊಂಡಿದ್ದವು. ಕನ್ನಡದ ಪಾಲು ಇಪ್ಪತ್ತೆರಡೂವರೆ ನಿಮಿಷ. ವರ್ಷ ಮುಗಿದ ಮೇಲೆ ಉಪಗ್ರಹವನ್ನು ಅಮೆರಿಕ ಹಿಂದಕ್ಕೆ ಸರಿಸಿಕೊಂಡಿತು, ಪಾಠ ನಿಂತಿತು.

ಆಮೇಲಿನದನ್ನು ಬೇಗನೆ ಹೇಳಬಹುದು. ಹೊಸ ಶತಮಾನದ ಆರಂಭದಲ್ಲಿ ಸರಕಾರಿ ಪ್ರೌಢಶಾಲೆಗಳಿಗೆ 'ಮಾಹಿತಿ ಸಿಂಧು' ಬಂತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ಮೀಸಲಾದ 'ಎಜುಸ್ಯಾಟ್' ಉಪಗ್ರಹವನ್ನು ಹಾರಿಸಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಅದರ ಮೊದಲ ಫಲಾನುಭವಿಗಳಲ್ಲಿದ್ದವು. 2010ರಲ್ಲಿ ಆ ಉಪಗ್ರಹದ ಸೇವೆ ಮುಗಿಯಿತು. ನಡುವೆ ಕೇಂದ್ರದ 'ಐಸಿಟಿ' ಯೋಜನೆ, ಆಮೇಲೆ ರಾಜ್ಯದ 'ಟಾಲ್ಪ್', 2017ರ ಸೆಪ್ಟೆಂಬರಿನಲ್ಲಿ 'ದೀಕ್ಷಾ', ಅದರ ಬೆನ್ನಿಗೆ ಪಠ್ಯಪುಸ್ತಕದ ಕ್ಯೂಆರ್ ಸಂಕೇತ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯಲ್ಲಿ 'ಸಂವೇದ' ಪಾಠಗಳು ಬಂದವು. ಅದೇ ವರ್ಷದ ಆಗಸ್ಟಿನಲ್ಲಿ ಶಿಕ್ಷಕರೇ ಊರೊಳಗೆ ಹೋಗಿ ಗುಡಿ, ಕಟ್ಟೆ, ಪಡಸಾಲೆಗಳಲ್ಲಿ ಪಾಠ ಮಾಡುವ 'ವಿದ್ಯಾಗಮ' ಆರಂಭವಾಗಿ, ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ನಿಂತಿತು. ಆ ದಿನಗಳಲ್ಲಿ ಮಕ್ಕಳನ್ನು ಮನೆಯಲ್ಲಿರುವ ಫೋನಿನ ಬಗೆಗೆ ತಕ್ಕಂತೆ ಗುಂಪು ಮಾಡಬೇಕಾಗಿ ಬಂದದ್ದನ್ನು ಶಿಕ್ಷಕರು ಮರೆತಿರಲಾರರು.

ಈ ಎಲ್ಲ ಯೋಜನೆಗಳಲ್ಲಿ ಒಂದು ಸಮಾನ ಲಕ್ಷಣವಿದೆ. ಪಾಠ ಬೇರೆಲ್ಲಿಯೋ ಸಿದ್ಧವಾಗುತ್ತದೆ, ಶಾಲೆಗೆ ಇಳಿಯುತ್ತದೆ. ಶಿಕ್ಷಕರ ಪಾಲಿಗೆ ಉಳಿಯುವುದು ಗುಂಡಿ ಒತ್ತುವ ಕೆಲಸ. ಚಲನಚಿತ್ರ ಬಂದ ಹೊಸತರಲ್ಲಿ, 1913ರಲ್ಲಿ, ಥಾಮಸ್ ಎಡಿಸನ್ ಶಾಲೆಗಳಲ್ಲಿ ಪುಸ್ತಕದ ಬಳಕೆ ಬೇಗನೆ ನಿಂತುಹೋಗುತ್ತದೆಂದು ಭವಿಷ್ಯ ನುಡಿದಿದ್ದರು. ಪುಸ್ತಕ ಉಳಿಯಿತು. ಪುಸ್ತಕವನ್ನು ಶಿಕ್ಷಕರೂ ಮಕ್ಕಳೂ ತಮಗೆ ಬೇಕಾದಲ್ಲಿ ತೆರೆದು, ಬೇಕಾದಷ್ಟು ಹೊತ್ತು ನಿಲ್ಲಿಸಿ, ಅಂಚಿನಲ್ಲಿ ಗೀಚಿ ಬಳಸಬಹುದು. ಚಿತ್ರ ತನ್ನ ಪಾಡಿಗೆ ಓಡುತ್ತದೆ.

ಒಳ್ಳೆಯ ಉಪಕರಣ, ಅದರ ಸುಳ್ಳುಗಳು

ಹಾಗೆಂದು ಪರದೆಯನ್ನೇ ಹೊರಗಟ್ಟಬೇಕೆಂಬ ವಾದಕ್ಕೆ ನನ್ನ ಒಪ್ಪಿಗೆಯಿಲ್ಲ. ಕಣ್ಣಿಗೆ ಕಾಣದ್ದನ್ನು ಕಾಣಿಸುವ, ಕೈಗೆ ಎಟುಕದ್ದನ್ನು ಎಟುಕಿಸುವ ತಂತ್ರಾಂಶಗಳಿವೆ. ಅವುಗಳಲ್ಲಿ ಮೊದಲು ಹೇಳಬೇಕಾದದ್ದು 'ಫೆಟ್' ಅನುಕರಣೆಗಳನ್ನು. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷವೇ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇದನ್ನು ಆರಂಭಿಸಿದರು. ಎಲ್ಲವೂ ಉಚಿತ, ಹಲವು ಕನ್ನಡದಲ್ಲಿಯೂ ದೊರೆಯುತ್ತವೆ, ಒಮ್ಮೆ ಇಳಿಸಿಕೊಂಡರೆ ಅಂತರಜಾಲ ಇಲ್ಲದೆಯೂ ನಡೆಯುತ್ತವೆ. ವಿದ್ಯುತ್ತೂ ಅಂತರಜಾಲವೂ ಹೊತ್ತಿಗೆ ಸರಿಯಾಗಿ ಸಿಗುತ್ತವೆಂದು ನೆಚ್ಚಲಾಗದ ಊರುಗಳಲ್ಲಿ ಈ ಕೊನೆಯ ಗುಣ ದೊಡ್ಡದು.

ಅದರ ವಿದ್ಯುನ್ಮಂಡಲದ ಅನುಕರಣೆಯನ್ನು ನೋಡಿ. ಕೋಶ, ತಂತಿ, ಬಲ್ಬು, ಸ್ವಿಚ್ಚುಗಳನ್ನು ಎಳೆದು ತಂದು ಜೋಡಿಸಿದರೆ ತಂತಿಯೊಳಗೆ ಇಲೆಕ್ಟ್ರಾನುಗಳು ಸಾಗುವುದು ಕಾಣುತ್ತದೆ. ಬಲ್ಬು ದಾಟಿದ ಮೇಲೆ ವಿದ್ಯುತ್ ಪ್ರವಾಹ ಕಡಿಮೆಯಾಗುತ್ತದೆ ಎಂಬ, ಬಹಳ ವಿದ್ಯಾರ್ಥಿಗಳ ಮನಸ್ಸಿನಲ್ಲಿ ಬೇರೂರಿದ ತಪ್ಪು ಕಲ್ಪನೆಯನ್ನು ಕಪ್ಪು ಹಲಗೆಯ ಚಿತ್ರ ಕೀಳಲಾರದು. ಇಲ್ಲಿ ಬಲ್ಬಿನ ಎರಡೂ ಬದಿಯಲ್ಲಿ ಒಂದೇ ವೇಗದಲ್ಲಿ ಸಾಗುವ ಚುಕ್ಕೆಗಳು ಅದನ್ನು ಕಿತ್ತು ತೋರಿಸುತ್ತವೆ. ಇದು ಪರದೆಯೇ ಮಾಡಬಲ್ಲ ಕೆಲಸ, ಮತ್ತು ಇಲ್ಲಿ ವಿದ್ಯಾರ್ಥಿಯ ಬೆರಳಿಗೂ ಕೆಲಸವಿದೆ.

ಆದರೆ ಇದೇ ಅನುಕರಣೆ ಕೆಲವು ಸುಳ್ಳುಗಳನ್ನೂ ಹೇಳುತ್ತದೆ. ಪರದೆಯ ಚುಕ್ಕೆಗಳು ಕಣ್ಣಿಗೆ ಕಾಣುವ ವೇಗದಲ್ಲಿ ಓಡುತ್ತವೆ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಯಲ್ಲಿ ಒಂದು ಆಂಪಿಯರ್ ಹರಿಯುವಾಗ ಇಲೆಕ್ಟ್ರಾನುಗಳು ಮುಂದೆ ಸರಿಯುವ ಸರಾಸರಿ ವೇಗ ಸೆಕೆಂಡಿಗೆ ಒಂದು ಮಿಲಿಮೀಟರಿನ ಹತ್ತನೆಯ ಒಂದಂಶಕ್ಕಿಂತಲೂ ಕಡಿಮೆ. ಪರದೆಯ ಸಾಧಾರಣ ಬಲ್ಬಿನ ರೋಧ ಸದಾ ಒಂದೇ. ನಿಜವಾದ ಟಾರ್ಚ್ ಬಲ್ಬಿನ ಟಂಗ್‌ಸ್ಟನ್ ಎಳೆ ಕಾದು ಬೆಳಗುವಾಗ ಅದರ ರೋಧ ತಣ್ಣಗಿದ್ದಾಗಿನದರ ಸುಮಾರು ಹತ್ತು ಪಟ್ಟಾಗಿರುತ್ತದೆ. ಪರದೆಯಲ್ಲಿ ತಂತಿ ಸಡಿಲವಾಗುವುದಿಲ್ಲ, ತುದಿಗೆ ಕಿಲುಬು ಹಿಡಿಯುವುದಿಲ್ಲ. ತರಗತಿಯಲ್ಲಿ ಬಲ್ಬು ಹತ್ತದಿದ್ದಾಗ ಕೋಶ ಸತ್ತಿದೆಯೇ, ಬಲ್ಬಿನ ಎಳೆ ಕಡಿದಿದೆಯೇ, ತಂತಿಯ ಹೊದಿಕೆ ಸರಿಯಾಗಿ ಸುಲಿದಿಲ್ಲವೇ ಎಂದು ಒಂದೊಂದನ್ನೇ ಬದಲಿಸಿ ನೋಡುವ ಶಿಸ್ತು ಪರದೆಯಿಂದ ಬಾರದು.

ಆದ್ದರಿಂದ ಕ್ರಮ ಮುಖ್ಯ. ಮೊದಲು ಎರಡು ಕೋಶ, ಎರಡು ಬಲ್ಬು, ಒಂದಷ್ಟು ತಂತಿ ಮಕ್ಕಳ ಕೈಗೆ ಬರಬೇಕು. ಎರಡನೆಯ ಬಲ್ಬನ್ನು ಸರಣಿಯಲ್ಲಿ ಸೇರಿಸಿದರೆ ಏನಾದೀತೆಂದು ಅವರು ಬರೆದಿಡಬೇಕು, ಮಾಡಿ ನೋಡಬೇಕು, ಬರೆದದ್ದು ಸುಳ್ಳಾದಾಗ ಜಗಳವಾಡಬೇಕು. ಆ ಜಗಳದ ನಡುವೆ ಪರದೆ ಹತ್ತಿದರೆ ಅದು ಸಾಕ್ಷಿ ಹೇಳುತ್ತದೆ. ಮೊದಲೇ ಹತ್ತಿದರೆ ತೀರ್ಪು ಹೇಳಿಬಿಡುತ್ತದೆ.

ಶಿಕ್ಷಕರ ಜೇಬಿನಲ್ಲಿರುವ ಮೊಬೈಲ್ ಇದಕ್ಕಿಂತಲೂ ಹೆಚ್ಚಿನ ಉಪಕರಣ, ನಾವು ಅದನ್ನು ವಿಡಿಯೋ ತೋರಿಸಲು ಮಾತ್ರ ಬಳಸುವುದು ವ್ಯರ್ಥ. ಅದರಲ್ಲಿ ಧ್ವನಿಗ್ರಾಹಕ, ವೇಗೋತ್ಕರ್ಷ ಮಾಪಕ, ಹಲವದರಲ್ಲಿ ಬೆಳಕಿನ ಮತ್ತು ಕಾಂತಕ್ಷೇತ್ರದ ಮಾಪಕಗಳಿರುತ್ತವೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ 'ಫೈಫಾಕ್ಸ್' ಎಂಬ ಉಚಿತ ತಂತ್ರಾಂಶ ಇವನ್ನು ಪ್ರಯೋಗಶಾಲೆಯ ಸಲಕರಣೆಗಳನ್ನಾಗಿ ಮಾಡುತ್ತದೆ. ಉದಾಹರಣೆಗೆ ಶಬ್ದದ ವೇಗ. ಇಬ್ಬರು ವಿದ್ಯಾರ್ಥಿಗಳು ತಲಾ ಒಂದು ಫೋನಿನೊಂದಿಗೆ ಐದು ಮೀಟರ್ ಅಂತರದಲ್ಲಿ ನಿಲ್ಲಲಿ. ಮೊದಲನೆಯವನ ಚಪ್ಪಾಳೆಗೆ ಎರಡೂ ಫೋನುಗಳ ಗಡಿಯಾರ ಆರಂಭವಾಗುತ್ತವೆ, ಎರಡನೆಯವಳ ಚಪ್ಪಾಳೆಗೆ ನಿಲ್ಲುತ್ತವೆ. ಎರಡು ಗಡಿಯಾರಗಳು ತೋರಿಸಿದ ಕಾಲಗಳ ವ್ಯತ್ಯಾಸವೇ ಶಬ್ದವು ಹತ್ತು ಮೀಟರ್ ಸಾಗಲು ತೆಗೆದುಕೊಂಡ ಕಾಲ. ಅದೇಕೆ ಹಾಗೆ ಎಂದು ಲೆಕ್ಕ ಹಾಕುವುದನ್ನು ತರಗತಿಗೇ ಬಿಡಿ. 30 ಡಿಗ್ರಿ ಸೆಲ್ಸಿಯಸ್ ತಾಪದಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 349 ಮೀಟರ್. ಉತ್ತರ 29 ಮಿಲಿಸೆಕೆಂಡುಗಳ ಆಸುಪಾಸಿನಲ್ಲಿರಬೇಕು. ಹತ್ತು ಸಲ ಮಾಡಿದರೆ ಹತ್ತು ಉತ್ತರ ಬರುತ್ತವೆ. ಸರಾಸರಿ ಏಕೆ ಬೇಕೆಂದು ಗಣಿತದ ಪಾಠದಲ್ಲಿ ಅರ್ಥವಾಗದವರಿಗೆ ಇಲ್ಲಿ ಅರ್ಥವಾಗುತ್ತದೆ. ಇಲ್ಲಿ ಫೋನು ಉತ್ತರವನ್ನು ಹೇಳುವುದಿಲ್ಲ, ಅಳತೆಯನ್ನು ಕೊಡುತ್ತದೆ. ನನ್ನ ದೃಷ್ಟಿಯಲ್ಲಿ ವಿಜ್ಞಾನ ಬೋಧನೆಯ ಡಿಜಿಟಲ್ ಉಪಕರಣಗಳನ್ನು ವಿಂಗಡಿಸಲು ಇದಕ್ಕಿಂತ ಒಳ್ಳೆಯ ಗೆರೆ ಇಲ್ಲ.

ಅಂದಹಾಗೆ ಉಪಕರಣವೆಂದರೆ ಪರದೆಯೇ ಆಗಬೇಕಿಲ್ಲ. ಮಂಗಸೂಳಿಯ ಸುತ್ತ ಕಬ್ಬಿನ ನಾಡು. ಹತ್ತಿರದ ಉಗಾರದಲ್ಲಿ 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿದೆ. ಕಬ್ಬು ಪಕ್ವವಾಗಿದೆಯೇ ಎಂದು ಹೊಲದಲ್ಲಿ ಪರೀಕ್ಷಿಸುವ ಪುಟ್ಟ ಕೈ ವಕ್ರೀಭವನಮಾಪಕದಲ್ಲಿ ಒಂದು ಹನಿ ರಸ ಹಾಕಿ ಬೆಳಕಿನತ್ತ ಹಿಡಿದರೆ 'ಬ್ರಿಕ್ಸ್' ಅಂಕಿ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.333, ಶೇಕಡ 20 ಸಕ್ಕರೆ ಇರುವ ದ್ರಾವಣದ್ದು 1.364. ರೈತನ ಮಗಳಿಗೆ ಬ್ರಿಕ್ಸ್ ಗೊತ್ತು, ಪಠ್ಯದ ವಕ್ರೀಭವನವೂ ಗೊತ್ತು. ಎರಡೂ ಒಂದೇ ಎಂದು ಹೇಳುವವರು ಬೇಕಾಗಿದ್ದಾರೆ.

ಅಧ್ಯಯನಗಳು ಹೇಳುವುದು

ಇದು ಬರಿಯ ಅಭಿರುಚಿಯ ಪ್ರಶ್ನೆಯಲ್ಲ. ಗುಜರಾತಿನ 'ಜ್ಞಾನಶಾಲಾ'ಗಳಲ್ಲಿ ಲೀ ಲಿಂಡನ್ ಎಂಬ ಅರ್ಥಶಾಸ್ತ್ರಜ್ಞರು ನಡೆಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿ ಶಿಕ್ಷಣಾಧಿಕಾರಿಯೂ ಓದಬೇಕು. ಅಲ್ಲಿ ಗಣಿತದ ಗಣಕ ಪಾಠಗಳನ್ನು ಎರಡು ಬಗೆಯಲ್ಲಿ ಬಳಸಲಾಯಿತು. ಶಾಲಾ ವೇಳೆಯಲ್ಲಿ ಶಿಕ್ಷಕರ ಪಾಠದ ಬದಲಿಗೆ ಅದನ್ನು ಕೊಟ್ಟಲ್ಲಿ ಮಕ್ಕಳ ಕಲಿಕೆ ಕುಸಿಯಿತು. ಶಾಲೆ ಬಿಟ್ಟ ಮೇಲೆ ಹೆಚ್ಚುವರಿಯಾಗಿ ಕೊಟ್ಟಲ್ಲಿ ಏರಿತು. ಒಂದೇ ಕಾರ್ಯಕ್ರಮ, ಎರಡು ವಿರುದ್ಧ ಫಲ.

ಪೆರು ದೇಶದಲ್ಲಿ ಗ್ರಾಮೀಣ ಶಾಲೆಗಳ ಮಕ್ಕಳಿಗೆ ತಲಾ ಒಂದು ಲ್ಯಾಪ್‌ಟಾಪ್ ಕೊಡಲಾಯಿತು. 319 ಶಾಲೆಗಳಲ್ಲಿ ನಡೆದು 2012ರಲ್ಲಿ ಹೊರಬಂದ ಅಧ್ಯಯನದಲ್ಲಿ ಗಣಿತ ಮತ್ತು ಭಾಷೆಯ ಕಲಿಕೆ ಸುಧಾರಿಸಿದ್ದಕ್ಕೆ ಪುರಾವೆ ಸಿಗಲಿಲ್ಲ. ಇನ್ನೊಂದೆಡೆ ದೆಹಲಿಯಲ್ಲಿ ಶಾಲೆಯ ನಂತರದ ಕೇಂದ್ರಗಳಲ್ಲಿ 'ಮೈಂಡ್‌ಸ್ಪಾರ್ಕ್' ಎಂಬ ತಂತ್ರಾಂಶ ಬಳಸಿದ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಮನಾರ್ಹವಾಗಿ ಮುಂದುವರಿದರೆಂದು 2019ರ ಒಂದು ಅಧ್ಯಯನ ಹೇಳಿದೆ. ವಿಶೇಷವೆಂದರೆ ಆ ತಂತ್ರಾಂಶ ಪ್ರತಿ ಮಗುವಿನ ನಿಜವಾದ ಮಟ್ಟವನ್ನು ಗುರುತಿಸಿ ಅಲ್ಲಿಂದ ಕಲಿಸುತ್ತಿತ್ತು. ಏಳನೆಯ ತರಗತಿಯ ಹುಡುಗನಿಗೆ ನಾಲ್ಕನೆಯ ತರಗತಿಯ ಲೆಕ್ಕ ಬೇಕಿದ್ದರೆ ಅದನ್ನೇ ಕೊಡುತ್ತಿತ್ತು. ಇಡೀ ತರಗತಿಗೆ ಒಂದೇ ವಿಡಿಯೋ ತೋರಿಸುವ ನಮ್ಮ ಸ್ಮಾರ್ಟ್ ಟಿ.ವಿ. ಇದರ ತದ್ವಿರುದ್ಧ ತುದಿಯಲ್ಲಿದೆ. ಹೆಸರು ಎರಡಕ್ಕೂ 'ಡಿಜಿಟಲ್ ಶಿಕ್ಷಣ' ಎಂದೇ.

ಯಾರ ಕನ್ನಡ?

ಗಡಿ ಶಾಲೆಗಳಲ್ಲಿ ಇನ್ನೊಂದು ತೊಡಕಿದೆ. ಕಾಗವಾಡ, ನಿಪ್ಪಾಣಿ, ಚಿಕ್ಕೋಡಿ ಭಾಗದ ಕನ್ನಡ ಶಾಲೆಯಲ್ಲಿ ಕುಳಿತ ಮಕ್ಕಳಲ್ಲಿ ಕೆಲವರ ಮನೆಮಾತು ಮರಾಠಿ. ಅವರಿಗೆ ಅರಿಶಿಣ 'ಹಳದ್', ನೆರಳು 'ಸಾವಲಿ'. ಕನ್ನಡ ಮನೆಮಾತಿನವರ ಕನ್ನಡವೂ ವಿಡಿಯೋದ ಕನ್ನಡವಲ್ಲ. ಡಿಜಿಟಲ್ ಪಾಠಗಳ ನಿರೂಪಣೆ ಬಹುಮಟ್ಟಿಗೆ ಇಂಗ್ಲಿಷ್ ಮೂಲದಿಂದ ಅನುವಾದವಾಗಿ, ಬೆಂಗಳೂರಿನ ಉಚ್ಚಾರದಲ್ಲಿ, ಸಂಸ್ಕೃತ ಪಾರಿಭಾಷಿಕಗಳ ಸಾಲಿನೊಂದಿಗೆ ಓಡುತ್ತದೆ. ತಟಸ್ಥೀಕರಣ, ವಿಯೋಜನೆ, ಜಲವಿಚ್ಛೇದನ ಈ ಮೂರೂ ಒಂದೇ ಉಸಿರಿನಲ್ಲಿ ಬಂದರೆ ಮಗು ಕೇಳುವುದನ್ನು ಬಿಟ್ಟು ಚಿತ್ರ ನೋಡತೊಡಗುತ್ತದೆ. ಪಾರಿಭಾಷಿಕ ಪದ ಬೇಡವೆಂದಲ್ಲ. ಪರೀಕ್ಷೆಯಲ್ಲಿ ಅದೇ ಬರೆಯಬೇಕು. ಆದರೆ ವಸ್ತು ಮೊದಲು, ಊರಿನ ಮಾತು ಆಮೇಲೆ, ಪಾರಿಭಾಷಿಕ ಕೊನೆಗೆ ಎಂಬ ಕ್ರಮವನ್ನು ಕಾಯಬಲ್ಲವರು ಆ ತರಗತಿಯ ಶಿಕ್ಷಕರು ಮಾತ್ರ. ವಿಡಿಯೋದ ಧ್ವನಿಯನ್ನು ಮುಚ್ಚಿ, ಚಿತ್ರವನ್ನಷ್ಟೇ ಓಡಿಸಿ, ನಡುನಡುವೆ ನಿಲ್ಲಿಸಿ, ತಾವೇ ಮಾತಾಡುವ ಶಿಕ್ಷಕರು ಯಾವ ತರಬೇತಿಯೂ ಕಲಿಸದ ಒಳ್ಳೆಯ ವಿಧಾನವನ್ನು ಕಂಡುಕೊಂಡಿದ್ದಾರೆ ಎನ್ನಬೇಕು.

ಇದಕ್ಕೆ ಆಡಳಿತದ ಬೆಂಬಲ ಬೇಕು. ಶಾಲೆಗಳಲ್ಲಿ ಗಣಕಯಂತ್ರಗಳನ್ನು ಸ್ಥಾಪಿಸಿ, ಬೋಧಕರನ್ನೂ ತಾವೇ ನೇಮಿಸಿ, ಕೆಲವು ವರ್ಷಗಳ ನಂತರ ಯಂತ್ರಗಳನ್ನು ಬಿಟ್ಟುಕೊಡುವ ಗುತ್ತಿಗೆ ಪದ್ಧತಿಯನ್ನು ನಮ್ಮ ರಾಜ್ಯ ಐಸಿಟಿ ಯೋಜನೆಯಲ್ಲಿ ಅನುಸರಿಸಿತು. ಗಣಕ ಕೊಠಡಿ ಶಾಲೆಯೊಳಗಿನ ಪರರ ಕೋಣೆಯಾಯಿತು. ವಿಜ್ಞಾನ, ಗಣಿತದ ಶಿಕ್ಷಕರಿಗೆ ಅಲ್ಲಿ ಕೆಲಸವಿರಲಿಲ್ಲ. ಗುತ್ತಿಗೆ ಮುಗಿದಾಗ ಕೌಶಲವೂ ಹೊರಟುಹೋಯಿತು. ನೆರೆಯ ಕೇರಳ ತನ್ನ 'ಐಟಿ@ಸ್ಕೂಲ್' ಯೋಜನೆಯಲ್ಲಿ ತನ್ನದೇ ಶಿಕ್ಷಕರನ್ನು ತರಬೇತುಗೊಳಿಸಿತು, ಮುಕ್ತ ತಂತ್ರಾಂಶವನ್ನು ಆರಿಸಿಕೊಂಡಿತು. ನಮ್ಮಲ್ಲಿಯೂ ಒಂದು ಬೇರೆ ಪ್ರಯತ್ನ ನಡೆಯಿತು. 2011ರಿಂದ ಶಿಕ್ಷಣ ಇಲಾಖೆಯೂ 'ಐಟಿ ಫಾರ್ ಚೇಂಜ್' ಸಂಸ್ಥೆಯೂ ಸೇರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ, ಸಮಾಜ ವಿಜ್ಞಾನ ಶಿಕ್ಷಕರಿಗಾಗಿ 'ವಿಷಯ ಶಿಕ್ಷಕರ ವೇದಿಕೆ'ಯನ್ನು ಕಟ್ಟಿದವು. ಅದರ ಮುಂದುವರಿಕೆಯಾಗಿ ಶಿಕ್ಷಕರೇ ಪಾಠ ಸಾಮಗ್ರಿ ಬರೆದು ಹಂಚಿಕೊಳ್ಳುವ 'ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು' ಎಂಬ ತಾಣ ರೂಪುಗೊಂಡಿತು. ಅದರ ಪುಟಗಳ ಗುಣಮಟ್ಟ ಏಕರೂಪವಾಗಿಲ್ಲ, ಕೆಲವು ಅರ್ಧಕ್ಕೇ ನಿಂತಿವೆ. ಆದರೂ ಮೇಲಿನಿಂದ ಇಳಿದ ಮೆರುಗಿನ ವಿಡಿಯೋಗಿಂತ ಸಹೋದ್ಯೋಗಿಯೊಬ್ಬರು ಬರೆದ ಒರಟು ಪುಟವನ್ನು ತಿದ್ದಿ ಬಳಸುವುದು ಶಿಕ್ಷಕರಿಗೆ ಸುಲಭ. ಭಂಡಾರದ ಪಾಠ ಹುಟ್ಟಬಹುದಾದದ್ದು ಅಂಥ ಕಡೆಯಲ್ಲಿಯೇ.

ಮಧ್ಯಾಹ್ನದ ಸೂರ್ಯ ಎಲ್ಲಿ?

ಕೊನೆಗೆ, ಪರದೆಯೂ ಅಂಗಳವೂ ಜೊತೆಗೂಡಬಹುದಾದ ಒಂದು ಪಾಠ. ಋತುಗಳ ಬಗೆಗಿನ ಹಲವು ಚಲನಚಿತ್ರಿಕೆಗಳು ಯೂರೋಪು, ಅಮೆರಿಕಗಳಲ್ಲಿ ತಯಾರಾದವು. ಅವುಗಳಲ್ಲಿ ಉತ್ತರ ಗೋಳಾರ್ಧದವರಿಗೆ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲಿಯೇ ಇರುತ್ತಾನೆ. ಮರ ಎಲೆ ಉದುರಿಸುತ್ತದೆ, ಹಿಮ ಬೀಳುತ್ತದೆ. ಮಂಗಸೂಳಿ ಇರುವುದು ಸುಮಾರು 16.7 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಕರ್ಕಾಟಕ ವೃತ್ತದ ಒಳಗೆ. ಇಲ್ಲಿ ಸರಿಸುಮಾರು ಮೇ 7ರಿಂದ ಆಗಸ್ಟ್ 6ರವರೆಗೆ, ಅಂದರೆ ಮೂರು ತಿಂಗಳು, ಮಧ್ಯಾಹ್ನದ ಸೂರ್ಯ ಉತ್ತರಕ್ಕಿರುತ್ತಾನೆ. ವಿಡಿಯೋ ಹೇಳಿದ್ದನ್ನು ಬರೆದ ಮಗುವಿಗೆ ಅಂಕ ಸಿಗುತ್ತದೆ. ಅಂಗಳದಲ್ಲಿ ಕಂಡದ್ದನ್ನು ಬರೆದ ಮಗುವಿಗೆ ಏನು ಸಿಕ್ಕೀತೋ ಹೇಳಲಾಗದು.

ಒಂದು ಮೀಟರ್ ಉದ್ದದ ಕೋಲನ್ನು ಲಂಬವಾಗಿ ನೆಟ್ಟು ಮಧ್ಯಾಹ್ನದ ನೆರಳು ಅಳೆದರೆ, ಡಿಸೆಂಬರ್ 22ರ ಸುಮಾರಿಗೆ ಅದು ಉತ್ತರದ ಕಡೆ 84 ಸೆಂಟಿಮೀಟರ್ ಇರಬೇಕು. ಮಾರ್ಚ್ 21 ಮತ್ತು ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ 30 ಸೆಂಟಿಮೀಟರ್. ಜೂನ್ 21ರಂದು 12 ಸೆಂಟಿಮೀಟರ್, ಅದೂ ದಕ್ಷಿಣದ ಕಡೆಗೆ. ನಡುವೆ ಎರಡು ದಿನ ನೆರಳೇ ಇಲ್ಲ. ದುರದೃಷ್ಟವೆಂದರೆ ಮೊದಲನೆಯ ಶೂನ್ಯ ನೆರಳಿನ ದಿನ ಬೇಸಿಗೆ ರಜೆಯಲ್ಲಿ ಬರುತ್ತದೆ, ಎರಡನೆಯದು ಮಳೆಗಾಲದಲ್ಲಿ. ಇಂಥಲ್ಲಿ 'ಸ್ಟೆಲೇರಿಯಂ' ಎಂಬ ಉಚಿತ ತಾರಾಲಯ ತಂತ್ರಾಂಶ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಊರಿನ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟರೆ ಮೋಡ ಕವಿದ ದಿನದ ಸೂರ್ಯನನ್ನೂ ಅದು ತೋರಿಸುತ್ತದೆ. ಸೆಪ್ಟೆಂಬರಿನಲ್ಲಿ ಮಕ್ಕಳು ಅಳೆದ ನೆರಳಿನಿಂದ ಸೂರ್ಯನ ಎತ್ತರದ ಕೋನ ಲೆಕ್ಕ ಹಾಕಿ ತಂತ್ರಾಂಶದ ಅಂಕಿಯೊಡನೆ ಹೋಲಿಸಿದರೆ ಯಾರನ್ನು ಯಾರು ಪರೀಕ್ಷಿಸುತ್ತಿದ್ದಾರೆಂಬ ಪ್ರಶ್ನೆಯೇ ತಿರುಗಿ ನಿಲ್ಲುತ್ತದೆ.

ಇಲ್ಲಿಯೂ ಎಡವುವ ಜಾಗಗಳಿವೆ. ಗಡಿಯಾರದ 12 ಗಂಟೆಗೆ ಅಳೆದರೆ ಲೆಕ್ಕ ತಪ್ಪುತ್ತದೆ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ಮಂಗಸೂಳಿ ಸುಮಾರು 74.8 ಡಿಗ್ರಿಯಲ್ಲಿದೆ, ಡಿಗ್ರಿಗೆ ನಾಲ್ಕು ನಿಮಿಷದಂತೆ 31 ನಿಮಿಷಗಳ ವ್ಯತ್ಯಾಸ. ಭೂಮಿಯ ಕಕ್ಷೆಯ ಅಂಡಾಕಾರ ಮತ್ತು ಅಕ್ಷದ ಓರೆಯಿಂದ ಬರುವ ಇನ್ನೊಂದು ವ್ಯತ್ಯಾಸವನ್ನೂ ಸೇರಿಸಿದರೆ ಸೂರ್ಯ ನೆತ್ತಿಗೆ ಬರುವುದು ಸೆಪ್ಟೆಂಬರ್ 23ರಂದು 12 ಗಂಟೆ 23 ನಿಮಿಷಕ್ಕೆ, ಮಾರ್ಚ್ 21ರಂದು 12 ಗಂಟೆ 38 ನಿಮಿಷಕ್ಕೆ. ಇದನ್ನು ಮೊದಲೇ ಹೇಳಿಬಿಡದೆ, ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಹತ್ತು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕಿಸಿದರೆ ಅತಿ ಚಿಕ್ಕ ನೆರಳು 12ಕ್ಕೆ ಬೀಳಲಿಲ್ಲವೇಕೆ ಎಂಬ ಪ್ರಶ್ನೆ ಮಕ್ಕಳಿಂದಲೇ ಬರುತ್ತದೆ. ಮಧ್ಯಾಹ್ನದ ಬಿಸಿಯೂಟದ ವೇಳೆಯೊಡನೆ ಇದನ್ನು ಹೊಂದಿಸುವುದು ಮುಖ್ಯೋಪಾಧ್ಯಾಯರ ಕೆಲಸ.

ಇನ್ನೊಂದು, ನೆರಳಿನ ತುದಿ. ಪರದೆಯ ಮೇಲೆ ಅದು ಗೆರೆ ಕೊಯ್ದಂತೆ ನಿಖರವಾಗಿರುತ್ತದೆ. ಅಂಗಳದಲ್ಲಿ ಹಾಗಿಲ್ಲ. ಸೂರ್ಯ ಒಂದು ಚುಕ್ಕೆಯಲ್ಲ, ಅರ್ಧ ಡಿಗ್ರಿಯಷ್ಟು ಅಗಲದ ಬಿಲ್ಲೆ. ಆದ್ದರಿಂದ ಡಿಸೆಂಬರಿನಲ್ಲಿ ಒಂದು ಮೀಟರ್ ಕೋಲಿನ ನೆರಳಿನ ತುದಿ ಸುಮಾರು ಒಂದೂವರೆ ಸೆಂಟಿಮೀಟರಿನಷ್ಟು ಮಸುಕಾಗಿ ಮುಗಿಯುತ್ತದೆ. ಗುರುತನ್ನು ಮಸುಕಿನ ಒಳ ಅಂಚಿಗೆ ಹಾಕಬೇಕೋ, ಹೊರ ಅಂಚಿಗೋ, ನಡುವಿಗೋ ಎಂಬುದನ್ನು ಅಳೆಯುವ ಗುಂಪು ತಾನೇ ತೀರ್ಮಾನಿಸಿ, ಕೊನೆಯವರೆಗೂ ಅದಕ್ಕೇ ಅಂಟಿಕೊಂಡು, ಹಾಗೆ ಮಾಡಿದೆವೆಂದು ವರದಿಯಲ್ಲಿ ಬರೆಯಬೇಕು.